ಹೊರಬಾರದ ಕೋರೆಹಲ್ಲು: ತಂದೆತಾಯಿಗಳು ತಿಳಿಯಬೇಕಾದುದು

ಹೊಸಪೇಟೆ–ಬಳ್ಳಾರಿ ಮಾರ್ಗದಲ್ಲಿರುವ ಗಾದಿಗನೂರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳಿಗೆ ಹದಿಮೂರು ವರ್ಷ ತುಂಬಿದೆ. ಮೇಲ್ದವಡೆಯ ಬಲಗಡೆ ಕೋರೆಹಲ್ಲು ಮೂಡಿದೆ. ಎಡಗಡೆ ಹಾಲುಹಲ್ಲು ಇನ್ನೂ ಅಲುಗದೆ ನಿಂತಿದೆ. “ನೋವಿಲ್ಲವಲ್ಲ, ಮದುವೆಯ ಹೊತ್ತಿಗೆ ನೋಡಿದರಾಯಿತು” ಎನ್ನುತ್ತಾನೆ ತಂದೆ. ತಾಯಿಗೆ ಸಮಾಧಾನವಿಲ್ಲ. ದಂಪತಿಗಳೇ, ಇವರಲ್ಲಿ ಯಾರ ಮಾತು ಸರಿ?

ತಾಯಿಯ ಆತಂಕವೇ ಸರಿ. ಮೇಲಿನ ಕೋರೆಹಲ್ಲು ದವಡೆಯೊಳಗೆ ಬಹಳ ಎತ್ತರದಲ್ಲಿ ಹುಟ್ಟಿ, ದೀರ್ಘ ದಾರಿಯನ್ನು ಕ್ರಮಿಸಿ, ಸಾಮಾನ್ಯವಾಗಿ 11–12ನೆಯ ವಯಸ್ಸಿನಲ್ಲಿ ಹೊರಬರುತ್ತದೆ. ನೂರರಲ್ಲಿ ಒಬ್ಬರಿಂದ ಮೂವರಿಗೆ ಅದು ದಾರಿ ತಪ್ಪಿ ಎಲುಬಿನಲ್ಲಿಯೇ ಹುದುಗಿರುತ್ತದೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಹುದುಗಿದ ಹಲ್ಲು ನೋವನ್ನೇ ತೋರದೆ ಪಕ್ಕದ ಬಾಚಿಹಲ್ಲಿನ ಬೇರನ್ನು ಸವೆಸಬಲ್ಲದು.

ಮನೆಯಲ್ಲಿಯೇ ಪರೀಕ್ಷೆ

ಮಗುವಿಗೆ ಹತ್ತು ವರ್ಷವಾದಾಗ ಕೈ ತೊಳೆದುಕೊಂಡು, ಹಾಲು ಕೋರೆಹಲ್ಲಿನ ಮೇಲ್ಭಾಗದ ವಸಡನ್ನು ಹೊರಗಡೆಯಿಂದ ಬೆರಳಿನಿಂದ ಮುಟ್ಟಿನೋಡಿರಿ. ಎರಡೂ ಕಡೆ ಉಬ್ಬು ಸಿಗಬೇಕು. ಸಿಗದಿದ್ದರೆ, ಅಥವಾ ಒಂದು ಕಡೆ ಹಲ್ಲು ಬಂದು ಆರು ತಿಂಗಳಾದರೂ ಇನ್ನೊಂದು ಕಡೆ ಬಾರದಿದ್ದರೆ, ದಂತವೈದ್ಯರಲ್ಲಿಗೆ ಕರೆದೊಯ್ಯಿರಿ. ಈ ವಯಸ್ಸಿನಲ್ಲಿ ಎಷ್ಟೋ ಬಾರಿ ಹಾಲುಹಲ್ಲನ್ನು ಕಿತ್ತರೆ ಸಾಕು, ಕೋರೆಹಲ್ಲು ತಾನಾಗಿಯೇ ದಾರಿಗೆ ಬರುತ್ತದೆ.

ತಡವಾದರೆ

ಎಕ್ಸ್-ರೇ ತೆಗೆದು ಹಲ್ಲಿನ ಸ್ಥಾನವನ್ನು ಗುರುತಿಸುತ್ತಾರೆ. ಮರವುಗೊಳಿಸುವ ಮದ್ದು ಕೊಟ್ಟು, ವಸಡನ್ನು ಬಿಡಿಸಿ, ಹಲ್ಲಿಗೆ ಚಿಕ್ಕ ಗುಂಡಿಯನ್ನು ಅಂಟಿಸಿ, ಸಣ್ಣ ಸರಪಳಿಯ ಮೂಲಕ ತಂತಿಯಿಂದ ಮೆಲ್ಲಗೆ ಎಳೆಯುತ್ತಾರೆ. ಒಟ್ಟು ಚಿಕಿತ್ಸೆಗೆ ಅನೇಕ ವೇಳೆ ಎರಡು ವರ್ಷ ಹಿಡಿಯುತ್ತದೆ.

ಈ ಅವಧಿಯನ್ನು ಕಡಿಮೆ ಮಾಡಲು, ಶಸ್ತ್ರಚಿಕಿತ್ಸೆಯ ವೇಳೆಯಲ್ಲಿಯೇ ಹಲ್ಲಿನ ಸುತ್ತಲಿನ ಎಲುಬಿನಲ್ಲಿ ಸಣ್ಣ ರಂಧ್ರಗಳನ್ನು ಮಾಡುವ ವಿಧಾನವೂ ಇದೆ. ಗಾಯಗೊಂಡ ಎಲುಬು ಮಾಯುವಾಗ ಕೆಲವು ತಿಂಗಳು ಬೇಗ ಬೇಗ ಮಾರ್ಪಡುತ್ತದೆ. ಈ ಗುಣವನ್ನು ಅಮೆರಿಕದ ಮೂಳೆವೈದ್ಯ ಹೆರಾಲ್ಡ್ ಫ್ರಾಸ್ಟ್ 1983ರಲ್ಲಿ ವಿವರಿಸಿದರು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಕ್ರಮದಿಂದ ಕಾಲಾವಧಿ ಶೇಕಡ 28ರಿಂದ 33ರಷ್ಟು ತಗ್ಗಿತು. ಆದರೆ ಅದರಲ್ಲಿದ್ದ ರೋಗಿಗಳು ಆರು ಮಂದಿ ಮಾತ್ರ. ಆದುದರಿಂದ ಇದು ಎಲ್ಲರಿಗೂ ಅವಶ್ಯವೆಂದು ಭಾವಿಸಬಾರದು. ಲಾಭವೆಷ್ಟು, ಬಾವು ಮತ್ತು ಖರ್ಚು ಎಷ್ಟು ಎಂದು ವೈದ್ಯರನ್ನು ಕೇಳಿ, ಇಬ್ಬರೂ ಕೂಡಿ ನಿರ್ಧರಿಸಿರಿ. ತಂತಿ ಇರುವಷ್ಟು ಕಾಲ ಮಗು ದಿನಕ್ಕೆರಡು ಬಾರಿ ಹಲ್ಲುಜ್ಜಲೇಬೇಕು.

ಈ ಭಾಗದವರಿಗೆ ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜು ಇದೆ. ವಯಸ್ಸಾದಂತೆ ಹುದುಗಿದ ಹಲ್ಲು ಎಲುಬಿಗೆ ಅಂಟಿಕೊಂಡು, ಎಳೆದರೂ ಬಾರದಂತಾಗಬಹುದು. ಮಗಳ ಹಲ್ಲು ಮದುವೆಯ ದಿನದ ನಗೆಗಾಗಿ ಮಾತ್ರವಲ್ಲ. ಜೀವಮಾನವೆಲ್ಲ ರೊಟ್ಟಿಯನ್ನು ಕಡಿದು ಉಣ್ಣುವುದಕ್ಕಾಗಿ.

ಚರ್ಚಿಸಿರಿ:
1. ನಿಮ್ಮ ಮಗುವಿನ ವಸಡಿನಲ್ಲಿ ಎರಡೂ ಕಡೆ ಉಬ್ಬು ಇದೆಯೇ?
2. ನೋವಿಲ್ಲದ ಹಲ್ಲಿಗೂ ವೈದ್ಯರ ಪರೀಕ್ಷೆ ಏಕೆ ಬೇಕು?