ಒಂಟಿ ಸವಾರರ ಸಾಲು: ಅದರಿಂದ ಕಾಲ ಉಳಿಯುವುದೆ?



ಸಾಲಿನಲ್ಲಿ ನಿಲ್ಲುವುದನ್ನು ಮುಂಬಯಿಯ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಬಸ್ಸಿಗೆ ಸಾಲು, ರೈಲಿನ ಟಿಕೇಟಿಗೆ ಸಾಲು, ಆಸ್ಪತ್ರೆಯ ಚೀಟಿಗೆ ಸಾಲು, ಗಣೇಶೋತ್ಸವದಲ್ಲಿ ದೇವರ ದರ್ಶನಕ್ಕೂ ಸಾಲು. ಆದರೆ ಸಾಲಿನಲ್ಲಿ ನಿಂತವನು ಎಷ್ಟು ಹೊತ್ತು ನಿಲ್ಲಬೇಕಾಗುವುದೆಂಬುದನ್ನು ಲೆಕ್ಕಮಾಡಿ ತಿಳಿಯಬಹುದೆಂಬ ಸಂಗತಿ ಬಹಳ ಮಂದಿಗೆ ಹೊಳೆದಿರುವುದಿಲ್ಲ. ಈ ಪಾಠದಲ್ಲಿ ಅಂತಹ ಒಂದು ಲೆಕ್ಕವನ್ನು ಎತ್ತಿಕೊಳ್ಳೋಣ. ಅದಕ್ಕಾಗಿ ನಾವು ಅಮೆರಿಕೆಯ ವಿನೋದವನಗಳವರೆಗೆ ಹೋಗಿಬರಬೇಕು. ಕಾಗದದ ಮೇಲಿನ ಪ್ರಯಾಣವಾದುದರಿಂದ ಖರ್ಚಿಲ್ಲ.

ವಾಲ್ಟ್ ಡಿಸ್ನಿ ಎಂಬ ಚಲನಚಿತ್ರಕಾರನು 1955ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್ ಎಂಬಲ್ಲಿ ಡಿಸ್ನಿಲ್ಯಾಂಡ್ ಎಂಬ ವಿನೋದವನವನ್ನು ತೆರೆದನು. ಅವನು ತೀರಿಕೊಂಡ ಮೇಲೆ, 1971ರಲ್ಲಿ, ಅವನ ಸಂಸ್ಥೆಯು ಫ್ಲಾರಿಡಾದಲ್ಲಿ ಇನ್ನೂ ವಿಸ್ತಾರವಾದ ವನವೊಂದನ್ನು ಕಟ್ಟಿತು. ಅಲ್ಲಿನ ಒಂದು ಭಾಗದಲ್ಲಿ 2006ರಲ್ಲಿ ಆರಂಭವಾದ ‘ಎಕ್ಸ್‌ಪೆಡಿಶನ್ ಎವರೆಸ್ಟ್’ ಎಂಬ ಆಟವಿದೆ. 200 ಅಡಿಗೆ ಅರ್ಧ ಅಡಿ ಮಾತ್ರ ಕಡಮೆಯಿರುವ ಕೃತಕ ಹಿಮಪರ್ವತವನ್ನು ನಿಲ್ಲಿಸಿ, ಅದರ ಒಳಗೂ ಹೊರಗೂ ರೈಲನ್ನು ಓಡಿಸುತ್ತಾರೆ. ಗುಹೆಯಲ್ಲಿ ಹಿಮಮಾನವನೊಬ್ಬನು ಕಾದಿರುತ್ತಾನೆ! ಈ ಆಟವಿರುವ ಕಲ್ಪಿತ ಸೀಮೆಗೆ ಅವರು ಇಟ್ಟಿರುವ ಹೆಸರು ಆನಂದಪುರ. (ಸಾಗರ ತಾಲ್ಲೂಕಿನ ನಮ್ಮ ಆನಂದಪುರಕ್ಕೂ ಅದಕ್ಕೂ ಯಾವ ನಂಟೂ ಇಲ್ಲ, ಆದರೂ ಹೆಸರು ಕೇಳಿದಾಗ ಶಿವಮೊಗ್ಗೆಯ ಕಡೆಯವರಿಗೆ ನಗು ಬಾರದಿರದು.) ನಮ್ಮ ಲೆಕ್ಕಕ್ಕೆ ಬೇಕಾದುದು ಹಿಮಮಾನವನಲ್ಲ, ರೈಲಿನ ಆಸನಗಳು. ಒಂದು ರೈಲಿನಲ್ಲಿ 17 ಪಂಕ್ತಿಗಳು, ಪಂಕ್ತಿಗೆ 2 ಆಸನಗಳು, ಒಟ್ಟು 34.

ಜನರು ಇಂತಹ ಆಟಗಳಿಗೆ ಒಬ್ಬೊಬ್ಬರಾಗಿ ಬರುವುದು ಅಪೂರ್ವ. ಗಂಡಹೆಂಡಿರು ಇಬ್ಬರು ಬರುತ್ತಾರೆ. ತಾಯಿತಂದೆ ಮತ್ತು ಮಗು ಮೂವರು ಬರುತ್ತಾರೆ. ಮೂವರ ತಂಡವು ಎರಡು ಪಂಕ್ತಿಗಳನ್ನು ಹಿಡಿದರೆ ಒಂದು ಆಸನ ಬರಿದಾಗಿ ಉಳಿಯುವುದಷ್ಟೆ? ಹಿಂದೆ ನಿಂತ ದಂಪತಿಗಳನ್ನು ಅಲ್ಲಿಗೆ ಕರೆದರೆ, ಒಬ್ಬರನ್ನೊಬ್ಬರು ಬಿಟ್ಟು ಅವರು ಬರಲಾರರು. ಹೀಗೆ ಬರಿದಾದ ಆಸನಗಳನ್ನು ತುಂಬುವುದಕ್ಕಾಗಿ ಏರ್ಪಡಿಸಿರುವುದೇ ಒಂಟಿ ಸವಾರರ ಸಾಲು. ‘ನನ್ನವರ ಪಕ್ಕದಲ್ಲಿಯೇ ಕೂರಬೇಕೆಂಬ ಹಟ ನನಗಿಲ್ಲ, ಎಲ್ಲಿ ಒಂದು ಸ್ಥಳವಿದ್ದರೂ ಸಾಕು’ ಎನ್ನುವವರು ಅಲ್ಲಿ ಪ್ರತ್ಯೇಕವಾಗಿ ನಿಲ್ಲುತ್ತಾರೆ. ಡಿಸ್ನಿಯ ಅಮೆರಿಕೆಯ ವನಗಳಲ್ಲಿ 7 ವರ್ಷ ತುಂಬದ ಮಕ್ಕಳಿಗೆ ಈ ಸಾಲಿಗೆ ಪ್ರವೇಶವಿಲ್ಲ.

ಇದು ನಿಮಗೆ ತಿಳಿಯದ ವಿಷಯವೇನೂ ಅಲ್ಲ. ರೈಲು ನಿಲ್ದಾಣದ ಹೊರಗೆ ಶೇರ್ ಟ್ಯಾಕ್ಸಿಯಲ್ಲಿ ಮೂವರು ಕುಳಿತ ಮೇಲೆ ಚಾಲಕನು ‘ಏಕ್ ಸೀಟ್, ಏಕ್ ಸೀಟ್’ ಎಂದು ಕೂಗುವುದನ್ನು ಕೇಳಿದ್ದೀರಿ. ಮುಂದೆ ನಿಂತ ಇಬ್ಬರು ಸುಮ್ಮನಿರುತ್ತಾರೆ. ಅವರ ಹಿಂದಿದ್ದ ಒಂಟಿ ಮನುಷ್ಯನು ನುಗ್ಗಿ ಕುಳಿತುಬಿಡುತ್ತಾನೆ. ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ಭಾನುವಾರ ಬೆಳಗ್ಗೆ ನಡೆಯುವುದೂ ಇದೇ. ನಾನು ಈ ಊರಿಗೆ ಹೊಸದಾಗಿ ಬಂದಾಗ ಒಬ್ಬನೇ ಇದ್ದೆನು. ಆಗ ಹೋಟೆಲಿನ ಬಾಗಿಲಲ್ಲಿ ಬಹಳ ಹೊತ್ತು ನಿಂತ ನೆನಪಿಲ್ಲ, ಯಾವುದಾದರೊಂದು ಮೇಜಿನ ನಾಲ್ಕನೆಯ ಕುರ್ಚಿ ಸಿಕ್ಕಿಬಿಡುತ್ತಿತ್ತು. ಈಗ ಹೆಂಡತಿ ಮಕ್ಕಳೊಡನೆ ಹೋದರೆ ಮುಕ್ಕಾಲು ಗಂಟೆ ನಿಲ್ಲಬೇಕು.

ಹಾಗಾದರೆ ಒಂಟಿ ಸಾಲಿನಿಂದ ಕಾಲ ಉಳಿಯುವುದು ನಿಶ್ಚಯವೆಂದು ನೀವು ಹೇಳಬಹುದು. ಆತುರ ಬೇಡ, ಲೆಕ್ಕ ಮಾಡಿ ನೋಡೋಣ.

ಮುಖ್ಯ ಸಾಲಿಗೆ 100 ತಂಡಗಳು ಬಂದಿವೆಯೆಂದು ಭಾವಿಸಿರಿ. ಅವುಗಳಲ್ಲಿ ಇಬ್ಬರ ತಂಡಗಳು 40, ಮೂವರವು 30, ನಾಲ್ವರವು 20, ಐವರವು 10. ಜನರ ಸಂಖ್ಯೆಯನ್ನು ಕೂಡಿದರೆ 80, 90, 80, 50, ಒಟ್ಟು 300. ಇವರಿಗೆ ಎಷ್ಟು ಪಂಕ್ತಿಗಳು ಬೇಕು? ಇಬ್ಬರಿಗೆ ಒಂದು, ಮೂವರಿಗೆ ಎರಡು, ನಾಲ್ವರಿಗೆ ಎರಡು, ಐವರಿಗೆ ಮೂರು. ಆದುದರಿಂದ 40, 60, 40, 30. ಒಟ್ಟು 170 ಪಂಕ್ತಿಗಳು, ಎಂದರೆ 340 ಆಸನಗಳು, ಎಂದರೆ ಸರಿಯಾಗಿ 10 ರೈಲುಗಳು. ತಂಡವೊಂದು ಎರಡು ರೈಲುಗಳ ನಡುವೆ ಸಿಕ್ಕಿಕೊಳ್ಳುವ ತೊಡಕನ್ನು ಸದ್ಯಕ್ಕೆ ಬಿಟ್ಟುಬಿಡೋಣ. 340 ಆಸನಗಳಲ್ಲಿ ಕುಳಿತವರು 300, ಬರಿದಾದುವು 40. ಸರಾಸರಿಯಿಂದ ಹೇಳುವುದಾದರೆ ಒಂದೊಂದು ರೈಲಿನಲ್ಲಿ ಮುಖ್ಯ ಸಾಲಿನವರು 30 ಮಂದಿ, ಒಂಟಿ ಸಾಲಿನವರಿಗೆ 4 ಆಸನಗಳು.

ನಿಮಿಷಕ್ಕೊಂದು ರೈಲು ಹೊರಡುವುದೆಂದು ಇಟ್ಟುಕೊಳ್ಳಿರಿ. ಮುಖ್ಯ ಸಾಲಿನಲ್ಲಿ 1500 ಮಂದಿ ಇದ್ದರೆ ಕೊನೆಯವನು 1500ನ್ನು 30ರಿಂದ ಭಾಗಿಸಿದಷ್ಟು, ಎಂದರೆ 50 ನಿಮಿಷ ಕಾಯಬೇಕು. ಒಂಟಿ ಸಾಲಿನಲ್ಲಿ 80 ಮಂದಿ ಇದ್ದರೆ ಅಲ್ಲಿಯ ಕೊನೆಯವನಿಗೆ 20 ನಿಮಿಷ ಸಾಕು. ಅರ್ಧ ಗಂಟೆಯ ಲಾಭ! ಆದರೆ ಅಲ್ಲಿ 200 ಮಂದಿ ಇದ್ದರೆ? 200ನ್ನು 4ರಿಂದ ಭಾಗಿಸಿದರೆ 50. ಲಾಭವೂ ಇಲ್ಲ, ನಷ್ಟವೂ ಇಲ್ಲ. 240 ಮಂದಿ ಇದ್ದರೆ ಒಂದು ಗಂಟೆ. ತನ್ನವರನ್ನು ಬಿಟ್ಟುಬಂದುದಲ್ಲದೆ 10 ನಿಮಿಷ ಹೆಚ್ಚಾಗಿ ನಿಂತಂತಾಯಿತು.

ಇಲ್ಲಿ ಕಣ್ಣು ಮೋಸಹೋಗುವ ಬಗೆಯನ್ನು ಗಮನಿಸಿರಿ. 1500 ಮಂದಿಯ ಸಾಲಿನ ಪಕ್ಕದಲ್ಲಿ 240 ಮಂದಿಯ ಸಾಲು ಎಷ್ಟು ಚಿಕ್ಕದಾಗಿ ಕಾಣುವುದು! ಆರನೆಯ ಒಂದು ಪಾಲೂ ಇಲ್ಲ. ಆದರೂ ಅದೇ ನಿಧಾನವಾದ ಸಾಲು. ಸಾಲಿನ ಉದ್ದವು ಕಾಲವನ್ನು ಹೇಳುವುದಿಲ್ಲ. ಉದ್ದವನ್ನು ಅದು ಕರಗುವ ವೇಗದಿಂದ ಭಾಗಿಸಿದಾಗ ಕಾಲವು ದೊರೆಯುತ್ತದೆ. ನಮ್ಮ ಉದಾಹರಣೆಯಲ್ಲಿ ಒಂಟಿ ಸಾಲು ಮುಖ್ಯ ಸಾಲಿನ ಹದಿನೈದರಲ್ಲಿ ಎರಡು ಪಾಲಿಗಿಂತ ಚಿಕ್ಕದಾಗಿದ್ದರೆ ಮಾತ್ರ ಪ್ರಯೋಜನ. ಸಾಲಿನಲ್ಲಿರುವವರ ಸಂಖ್ಯೆ, ಜನರು ಬಂದುಹೋಗುವ ವೇಗ, ಕಾಯುವ ಕಾಲ, ಈ ಮೂರಕ್ಕೂ ಇರುವ ಸಂಬಂಧವನ್ನು ಅಮೆರಿಕೆಯ ಜಾನ್ ಲಿಟ್ಲ್ ಎಂಬ ವಿದ್ವಾಂಸನು 1961ರಲ್ಲಿ ಗಣಿತರೀತಿಯಿಂದ ಸಾಧಿಸಿ ತೋರಿಸಿದನು. ಸಾಲುಗಳ ಗಣಿತ ಅದಕ್ಕಿಂತಲೂ ಹಳೆಯದು. ಕೋಪನ್‌ಹೇಗನ್ ನಗರದ ಟೆಲಿಫೋನ್ ಕಂಪೆನಿಯಲ್ಲಿ ಕೆಲಸಮಾಡುತ್ತಿದ್ದ ಎರ್ಲಾಂಗ್ ಎಂಬವನು ದೂರವಾಣಿಯ ಕರೆಗಳನ್ನು ಕುರಿತು 1909ರಲ್ಲಿ ಪ್ರಕಟಿಸಿದ ಲೇಖನದಿಂದ ಅದು ಮೊದಲಾಯಿತೆನ್ನಬಹುದು. ತಂತಿಗಾಗಿ ಕಾದ ಕರೆಯೂ ಆಸನಕ್ಕಾಗಿ ಕಾದ ಮನುಷ್ಯನೂ ಗಣಿತಕ್ಕೆ ಒಂದೇ.

ಇನ್ನು ಸ್ವಲ್ಪ ಕಠಿನವಾದ, ಆದರೆ ನನಗೆ ಬಹು ಪ್ರಿಯವಾದ ಭಾಗಕ್ಕೆ ಬರೋಣ. ಒಂಟಿ ಸಾಲಿನಲ್ಲಿ ಹೋದವನು ಉಳಿಸಿಕೊಂಡ ಅರ್ಧ ಗಂಟೆ ಯಾರದು? ಮುಖ್ಯ ಸಾಲಿನವರಿಂದ ಕಸಿದುಕೊಂಡದ್ದೆ? ಅಲ್ಲ. ಅವನು ಕುಳಿತ ಆಸನ ಹೇಗಿದ್ದರೂ ಬರಿದಾಗಿ ಹೋಗುತ್ತಿತ್ತು. ಅಷ್ಟೇ ಅಲ್ಲ, ಅವನು ಮುಖ್ಯ ಸಾಲನ್ನು ಬಿಟ್ಟುದರಿಂದ ಅಲ್ಲಿಯೂ ಒಬ್ಬನು ಕಡಮೆಯಾದನು. ದಂಪತಿಗಳ ತಂಡಗಳು 60 ಒಡೆದು, 120 ಮಂದಿ ಒಂಟಿ ಸಾಲಿಗೆ ಹೋದರೆಂದು ತಿಳಿಯಿರಿ. ಮುಖ್ಯ ಸಾಲಿನಲ್ಲಿ ಉಳಿದ 1380 ಮಂದಿಗೆ ಸುಮಾರು 46 ನಿಮಿಷ. ಒಂಟಿ ಸಾಲಿನವರಿಗೆ 30 ನಿಮಿಷ. ಇಬ್ಬರಿಗೂ ಲಾಭವೇ.

ಅಂದಮೇಲೆ ಎಲ್ಲರೂ ತಂಡಗಳನ್ನು ಒಡೆದು ಒಂಟಿಯಾಗಿಬಿಟ್ಟರೆ ಎಲ್ಲರಿಗೂ ಅರ್ಧ ಗಂಟೆ ಉಳಿಯಬಾರದೇಕೆ? ಆಗ ರೈಲುಗಳು ತುಂಬಿ ಹೋಗುವುವು, ನಿಜ. ನಿಮಿಷಕ್ಕೆ 34 ಮಂದಿ. 1500ನ್ನು 34ರಿಂದ ಭಾಗಿಸಿದರೆ 44 ನಿಮಿಷಕ್ಕೆ ಸ್ವಲ್ಪ ಹೆಚ್ಚು. ಎಲ್ಲರೂ ತಮ್ಮವರನ್ನು ಬಿಟ್ಟು ಅಪರಿಚಿತರ ಪಕ್ಕದಲ್ಲಿ ಕುಳಿತು ಸಂಪಾದಿಸಿದ್ದು 6 ನಿಮಿಷ! ಬರಿದಾದ ಆಸನಗಳೆಂಬ ಗಂಟು ಅಷ್ಟೇ ಇರುವುದು. ಹಂಚಿಕೊಳ್ಳುವವರು ಕೆಲವರಾದರೆ ಒಬ್ಬೊಬ್ಬನ ಪಾಲು ದೊಡ್ಡದು. ಎಲ್ಲರೂ ಕೈಯೊಡ್ಡಿದರೆ ಚಿಟಿಕೆಯಷ್ಟು. ಒಬ್ಬನಿಗೆ ಅರ್ಧ ಗಂಟೆ ಉಳಿಯುವುದು ಮಿಕ್ಕವರು ಜೊತೆ ಬಿಡಲೊಪ್ಪದೆ ನಿಂತಿರುವುದರಿಂದಲೇ.

ಇನ್ನೊಂದು ಸೂಕ್ಷ್ಮವೂ ಉಂಟು. ಬರಿಯ ಆಸನವನ್ನು ಹುಟ್ಟಿಸುವವರು ಯಾರು? ಇಬ್ಬರ ತಂಡವಲ್ಲ, ನಾಲ್ವರದಲ್ಲ. ಮೂವರದು ಮತ್ತು ಐವರದು. ಮೂವರ ತಂಡವು ಮುಖ್ಯ ಸಾಲಿನಲ್ಲಿದ್ದರೆ ಒಂಟಿ ಸಾಲಿಗೆ ಒಂದು ಆಸನವನ್ನು ದಾನಮಾಡುವುದು. ಅದೇ ತಂಡ ಒಡೆದು ಒಂಟಿ ಸಾಲಿಗೆ ಬಂದರೆ, ಕೊಡುವ ಒಂದು ತಪ್ಪಿತು, ಬೇಡುವ ಮೂವರು ಹೆಚ್ಚಿದರು. ಹಾಗೆಯೇ, ಶಾಲೆಯ ಮಕ್ಕಳು ಜೋಡಿಜೋಡಿಯಾಗಿ ಕೈಹಿಡಿದು ಬಂದ ದಿನ ರೈಲಿನ ಮೇಲೆ ರೈಲು ಪೂರ್ಣವಾಗಿ ತುಂಬಿ, ಒಂಟಿ ಸಾಲು ಕದಲದೆ ನಿಲ್ಲುವುದು. 4 ಎಂಬುದು ಸರಾಸರಿ ಮಾತ್ರ. ಒಂದು ರೈಲಿನಲ್ಲಿ 8 ಇರಬಹುದು, ಮುಂದಿನದರಲ್ಲಿ ಒಂದೂ ಇರದಿರಬಹುದು. ಇದನ್ನರಿತೇ ಅಲ್ಲಿನ ಕೆಲಸಗಾರರು ಒಂಟಿ ಸಾಲು ಬಹಳ ಬೆಳೆದಾಗ ಅದರ ಬಾಗಿಲನ್ನು ಕೆಲವು ಹೊತ್ತು ಮುಚ್ಚಿಬಿಡುವುದುಂಟು.

ಈಚಿನ ವರ್ಷಗಳಲ್ಲಿ ಮೂರನೆಯ ಸಾಲೊಂದು ಬಂದು ಲೆಕ್ಕವನ್ನು ಬದಲಾಯಿಸಿದೆ. 1999ರಲ್ಲಿ ಡಿಸ್ನಿ ಸಂಸ್ಥೆಯು ಫಾಸ್ಟ್‌ಪಾಸ್ ಎಂಬ ಏರ್ಪಾಡನ್ನು ತಂದಿತು. ಮೊದಲೇ ಚೀಟಿ ಪಡೆದು, ಅದರಲ್ಲಿ ಕಾಣಿಸಿದ ಹೊತ್ತಿಗೆ ಬಂದವರು ಬೇರೆ ದಾರಿಯಿಂದ ಬೇಗ ಒಳಗೆ ಹೋಗಬಹುದಾಗಿತ್ತು. ಆಗ ಅದಕ್ಕೆ ಬೇರೆ ಹಣವಿರಲಿಲ್ಲ. 2021ರಿಂದ ಅಮೆರಿಕೆಯ ಡಿಸ್ನಿ ವನಗಳಲ್ಲಿ ಅಂತಹ ದಾರಿಗೆ ಹಣ ತೆರಬೇಕಾಗಿದೆ. ಇದು ಸರಿಯೆ ತಪ್ಪೆ ಎಂಬ ಚರ್ಚೆ ಬೇರೆ. ನನ್ನ ಮನಸ್ಸಿಗಂತೂ, ಬರಿದಾದ ಆಸನವನ್ನು ತುಂಬುವ ಸಾಲಿಗಿರುವ ನ್ಯಾಯ ಹಣ ಕೊಟ್ಟವನನ್ನು ಮುಂದೆ ಬಿಡುವ ಸಾಲಿಗೆ ಇರುವಂತೆ ತೋರುವುದಿಲ್ಲ. ಏಕೆಂದರೆ ಎರಡನೆಯದರಲ್ಲಿ ಒಬ್ಬನು ಮುಂದೆ ಹೋದಷ್ಟೂ ಇನ್ನೊಬ್ಬನು ಹಿಂದೆ ಬೀಳುತ್ತಾನೆ. ರೈಲಿನ ಆ 30 ಆಸನಗಳಲ್ಲಿ 24ನ್ನು ಚೀಟಿಯವರಿಗೆ ಕೊಟ್ಟರೆಂದು ಊಹಿಸಿರಿ. ಸಾಧಾರಣ ಸಾಲಿಗೆ ಉಳಿಯುವುದು 6. ಈಗ ಆ ಸಾಲಿನಲ್ಲಿ 300 ಮಂದಿ ಮಾತ್ರ ನಿಂತಿದ್ದರೂ 50 ನಿಮಿಷ ಹಿಡಿಯುವುದು. ಒಂಟಿ ಸಾಲಿಗೋ ಹಿಂದಿನಂತೆಯೇ 4 ಆಸನಗಳು. ಅದು ಸಾಧಾರಣ ಸಾಲಿನ ಮೂರರಲ್ಲಿ ಎರಡು ಪಾಲಿನಷ್ಟು ಬೆಳೆಯುವವರೆಗೂ ಲಾಭಕರವೇ. ಹಿಂದೆ ಹದಿನೈದರಲ್ಲಿ ಎರಡಿದ್ದುದು ಈಗ ಮೂರರಲ್ಲಿ ಎರಡಾಯಿತು! ಚೀಟಿಯ ಸಾಲಿರುವ ಆಟಗಳಲ್ಲಿ ಒಂಟಿ ಸಾಲನ್ನು ಹೊಗಳುವವರು ಹೆಚ್ಚಾಗಿರುವುದಕ್ಕೆ ಇದು ಕಾರಣವಾಗಿರಬೇಕು.

ಲೆಕ್ಕಕ್ಕೆ ಸಿಕ್ಕದ ಒಂದು ನಷ್ಟವನ್ನೂ ಹೇಳಿಬಿಡುತ್ತೇನೆ. ಎವರೆಸ್ಟ್ ಆಟದ ಮುಖ್ಯ ಸಾಲು ಬರಿಯ ಕಟಾಂಜನದ ನಡುವೆ ಹಾದುಹೋಗುವುದಿಲ್ಲ. ಹಿಮಾಲಯದ ಊರಿನಂತೆ ಕಟ್ಟಿದ ಕಟ್ಟಡಗಳು, ಪರ್ವತಾರೋಹಿಗಳ ಸಾಮಗ್ರಿ, ಹಿಮಮಾನವನ ವಿಷಯವಾದ ವಸ್ತುಸಂಗ್ರಹ, ಇವುಗಳ ನಡುವೆ ಹೋಗುತ್ತದೆ. ಒಂಟಿ ಸಾಲಿನವನಿಗೆ ಇದರಲ್ಲಿ ಬಹುಭಾಗ ಕಾಣಸಿಗದು. ಮೊದಲ ಸಲ ಹೋದವನು ಮುಖ್ಯ ಸಾಲಿನಲ್ಲಿ ತನ್ನವರೊಡನೆ ನಡೆಯುವುದೇ ಮೇಲು. ಎರಡನೆಯ ಸಲಕ್ಕೆ ಒಂಟಿ ಸಾಲು ಆಗಬಹುದು.

ಒಂಟಿ ಸಾಲಿಗೆ ಸೇರುವ ಮುನ್ನ ಮಾಡಬೇಕಾದ ಪರೀಕ್ಷೆ ಸುಲಭ. ಐದು ರೈಲುಗಳು ಹೊರಡುವವರೆಗೆ ಸುಮ್ಮನೆ ನೋಡಿರಿ. ಒಂಟಿ ಸಾಲಿನಿಂದ ಕ್ರಮವಾಗಿ 3, 6, 2, 5, 4 ಮಂದಿ ಹೋದರೆನ್ನಿ. ಒಟ್ಟು 20, ಸರಾಸರಿ 4. ನಿಮ್ಮ ಮುಂದೆ 60 ಮಂದಿ ಇದ್ದರೆ ಇನ್ನು 15 ರೈಲುಗಳು ಹೋಗಬೇಕು. ಗಡಿಯಾರದಲ್ಲಿ ಎರಡು ರೈಲುಗಳ ನಡುವಣ ಅಂತರವನ್ನು ನೋಡಿಕೊಂಡರೆ ಉತ್ತರ ಸಿಕ್ಕಿತು. ಫ್ಲಾರಿಡಾಕ್ಕೆ ಹೋಗಲಾರದವರು ಇದೇ ಪರೀಕ್ಷೆಯನ್ನು ಶೇರ್ ಟ್ಯಾಕ್ಸಿಯ ಸಾಲಿನಲ್ಲಿ ಮಾಡಿ, ಫಲವನ್ನು ಬರೆದು ತಂದು ತೋರಿಸಿರಿ.

ಕೊನೆಯಲ್ಲಿ ಅಭ್ಯಾಸಕ್ಕಾಗಿ ಒಂದು ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ತೆರೆದ ‘ರೇಡಿಯೇಟರ್ ಸ್ಪ್ರಿಂಗ್ಸ್ ರೇಸರ್ಸ್’ ಎಂಬ ಆಟದ ಗಾಡಿಯಲ್ಲಿ ಎರಡು ಪಂಕ್ತಿಗಳು, ಪಂಕ್ತಿಗೆ 3 ಆಸನಗಳು. ಬರುವ ತಂಡಗಳೆಲ್ಲ ಇಬ್ಬರವೇ, ನಿಮಿಷಕ್ಕೆ 3 ಗಾಡಿಗಳು ಹೊರಡುವುವು, ಮುಖ್ಯ ಸಾಲಿನಲ್ಲಿ 600 ಮಂದಿ ಇದ್ದಾರೆ ಎಂದು ಭಾವಿಸಿರಿ. ಒಂಟಿ ಸಾಲಿನಲ್ಲಿ ಎಷ್ಟು ಮಂದಿ ಇದ್ದರೆ ಎರಡು ಸಾಲುಗಳೂ ಸಮವಾಗುವುವು? ಇಬ್ಬರ ತಂಡಗಳಿಗೆ ಬದಲಾಗಿ ಮೂವರ ತಂಡಗಳೇ ಬರತೊಡಗಿದರೆ, ಒಂಟಿ ಸಾಲಿನ ಮೊದಲಿಗನು ಎಷ್ಟು ಹೊತ್ತು ನಿಲ್ಲಬೇಕು?