ನಾಯಿಯ ಸಾಕಣೆಯೂ ದೇಹಾರೋಗ್ಯವೂ

ಶಾಲೆಯಲ್ಲಿರುವ ತನಕ ಹೆಣ್ಣು ಮಕ್ಕಳ ದೇಹಕ್ಕೆ ಬೇಕಾದ ವ್ಯಾಯಾಮವನ್ನು ಶಾಲೆಯ ಗಂಟೆಯೇ ಮಾಡಿಸುತ್ತದೆ. ಗಂಟೆ ಬಾರಿಸಿದೊಡನೆ ಡ್ರಿಲ್ಲಿಗೆ ನಿಲ್ಲಬೇಕು. ಸಂಜೆಯಾದೊಡನೆ ಆಟದ ಬಯಲಿಗೆ ಇಳಿಯಬೇಕು. ಶಾಲೆಯನ್ನು ಬಿಟ್ಟ ಬಳಿಕ ಹಾಗೆ ಎಬ್ಬಿಸುವವರು ಯಾರೂ ಇರುವುದಿಲ್ಲ. ಮನೆವಾರ್ತೆ, ಮಕ್ಕಳು, ಕಚೇರಿಯ ಮೇಜು ಇವುಗಳ ನಡುವೆ ದಿನಗಳು ಕಳೆದುಹೋಗುತ್ತವೆ. ನಡೆಯಬೇಕೆಂಬ ಮನಸ್ಸಿದ್ದರೂ ನಡೆಯಲು ನಿಮಿತ್ತವು ದೊರೆಯುವುದಿಲ್ಲ. ಅಂಥ ನಿಮಿತ್ತಗಳಲ್ಲಿ ಮನೆಯ ನಾಯಿಯೂ ಒಂದು. ಆದುದರಿಂದ ನಾಯಿಯನ್ನು ಸಾಕುವುದರಿಂದ ದೇಹಕ್ಕಾಗುವ ಪ್ರಯೋಜನವೇನು, ಅದು ಯಾರಿಗೆ ಸಲ್ಲುತ್ತದೆ, ಯಾವ ಎಚ್ಚರಿಕೆ ಬೇಕು ಎಂಬ ಮೂರು ವಿಷಯಗಳನ್ನು ಇಲ್ಲಿ ವಿಚಾರಿಸೋಣ.

1. ಪ್ರಯೋಜನವೇನು?

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಸಾಧಾರಣ ಶ್ರಮದ ವ್ಯಾಯಾಮವನ್ನೂ, ಶಾಲೆಗೆ ಹೋಗುವ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷಗಳಷ್ಟು ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಬಿರುಸಾದ ನಡಿಗೆಯು ಇಂಥ ವ್ಯಾಯಾಮವೇ. ಈಗ ಒಂದು ಸಣ್ಣ ಲೆಕ್ಕವನ್ನು ಮಾಡಿರಿ. ನಾಯಿಯನ್ನು ಬೆಳಿಗ್ಗೆ 20 ನಿಮಿಷ, ಸಂಜೆ 20 ನಿಮಿಷ ಚುರುಕಾಗಿ ನಡೆಸಿದರೆ ವಾರಕ್ಕೆ 280 ನಿಮಿಷಗಳಾದವು. ಬೇರೆ ಖರ್ಚಿಲ್ಲದೆ, ಬೇರೆ ಸಾಧನವಿಲ್ಲದೆ, ಬೇಕಾದಷ್ಟು ವ್ಯಾಯಾಮವು ದೊರೆಯಿತು. ಸೋಮಾರಿತನ ಬಂದ ದಿನವೂ ನಾಯಿಯು ಬಾಗಿಲ ಬಳಿ ನಿಂತು ಕರೆಯುತ್ತದೆ. ಮುಂದಕ್ಕೆ ಹಾಕಿದರೆ ಒಪ್ಪುವುದಿಲ್ಲ. ನಡಿಗೆಯಿಂದ ಹೃದಯವು ಬಲಗೊಳ್ಳುತ್ತದೆ, ರಕ್ತದ ಒತ್ತಡವೂ ಸಕ್ಕರೆಯೂ ಹತೋಟಿಗೆ ಬರುತ್ತವೆ, ಎಲುಬುಗಳು ಗಟ್ಟಿಯಾಗುತ್ತವೆ, ನಿದ್ರೆಯು ಚೆನ್ನಾಗಿ ಬರುತ್ತದೆ.

ಎರಡನೆಯ ಪ್ರಯೋಜನವು ಸಹವಾಸದ್ದು. ದೀರ್ಘಕಾಲದ ರೋಗಿಗೆ ಸಣ್ಣ ಸಾಕುಪ್ರಾಣಿಯು ಒಳ್ಳೆಯ ಸಂಗಾತಿಯೆಂದು ಫ್ಲಾರೆನ್ಸ್ ನೈಟಿಂಗೇಲರು 1859ರಲ್ಲಿ ಪ್ರಕಟವಾದ ತಮ್ಮ ಶುಶ್ರೂಷಾ ಗ್ರಂಥದಲ್ಲಿ ತಿಳಿಸಿದ್ದರು. 1980ರಲ್ಲಿ ಅಮೆರಿಕದ ಸಂಶೋಧಕರು ಹೃದ್ರೋಗದಿಂದ ಆಸ್ಪತ್ರೆ ಸೇರಿ ಮನೆಗೆ ಮರಳಿದ 92 ಮಂದಿಯ ವಿವರವನ್ನು ಪ್ರಕಟಿಸಿದರು. ಸಾಕುಪ್ರಾಣಿಗಳಿದ್ದ 53 ಮಂದಿಯಲ್ಲಿ 3 ಮಂದಿಯೂ, ಇಲ್ಲದ 39 ಮಂದಿಯಲ್ಲಿ 11 ಮಂದಿಯೂ ಒಂದು ವರುಷದೊಳಗೆ ತೀರಿಕೊಂಡಿದ್ದರು. ಸ್ವೀಡನ್ ದೇಶದ 34 ಲಕ್ಷ ಜನರ ದಾಖಲೆಗಳನ್ನು ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ನಾಯಿಯುಳ್ಳವರಲ್ಲಿ ಮರಣದ ಪ್ರಮಾಣವು ಕಡಿಮೆಯಾಗಿ ಕಂಡಿತು. ಒಬ್ಬಂಟಿಗರಾಗಿ ವಾಸಿಸುವವರಲ್ಲಿ ಈ ವ್ಯತ್ಯಾಸವು ಹೆಚ್ಚಾಗಿತ್ತು. ಮಕ್ಕಳು ದೂರದ ಊರುಗಳಿಗೆ ಹೋದ ಮೇಲೆ ಮನೆಯಲ್ಲಿ ಉಳಿಯುವ ತಾಯಂದಿರು ಈ ಮಾತನ್ನು ಗಮನಿಸಬೇಕು.

ಆದರೆ ಅವಸರದಿಂದ ತೀರ್ಮಾನಿಸಬಾರದು. ನಾಯಿಯಿಂದ ಆರೋಗ್ಯವು ಬಂದಿತೋ, ಮೊದಲೇ ಆರೋಗ್ಯವಂತರಾದವರು ನಾಯಿಯನ್ನು ಸಾಕಿದರೋ ಎಂಬುದು ಇಂಥ ಅಂಕಿಗಳಿಂದಲೇ ಸಿದ್ಧವಾಗುವುದಿಲ್ಲ. ನಡಿಗೆಯು ಹಿತಕರವೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

2. ಪ್ರಯೋಜನವು ಯಾರಿಗೆ?

ಹಗ್ಗವನ್ನು ಹಿಡಿದು ನಡೆದವರಿಗೆ. ಕೆಲವು ಮನೆಗಳಲ್ಲಿ ಬೆಲೆಯುಳ್ಳ ನಾಯಿಯನ್ನು ತಂದು, ಹಗಲೆಲ್ಲ ಸರಪಣಿಯಲ್ಲಿ ಕಟ್ಟಿ, ನಡೆಸುವ ಕೆಲಸವನ್ನು ಆಳಿಗೆ ಒಪ್ಪಿಸುತ್ತಾರೆ. ಅಲ್ಲಿ ವ್ಯಾಯಾಮವು ಆಳಿಗೆ, ಖರ್ಚು ಯಜಮಾನರಿಗೆ, ದುಃಖವು ನಾಯಿಗೆ. ಇನ್ನು ಕೆಲವು ಮನೆಗಳಲ್ಲಿ ನಾಯಿಯೊಡನೆ ಹೊರಗೆ ಹೋಗುವ ಸ್ವಾತಂತ್ರ್ಯವು ಗಂಡುಮಕ್ಕಳಿಗಷ್ಟೇ ಉಂಟು. ಅದಕ್ಕೆ ಅನ್ನ ಹಾಕಿ ಅಂಗಳ ತೊಳೆಯುವುದು ಹೆಣ್ಣುಮಕ್ಕಳ ಪಾಲು. ಪೋಷಕರಲ್ಲಿ ನನ್ನ ವಿನಂತಿಯೇನೆಂದರೆ, ವಾರದಲ್ಲಿ ಕೆಲವು ದಿನಗಳಾದರೂ ಮಗಳ ಕೈಗೆ ಹಗ್ಗವನ್ನು ಕೊಡಿರಿ. ಚಿಕ್ಕವಳಾದರೆ ಜೊತೆಗೆ ನೀವೂ ನಡೆಯಿರಿ. ಹಳೆಯ ವಿದ್ಯಾರ್ಥಿನಿಯರೇ, ಆ ನಲವತ್ತು ನಿಮಿಷಗಳನ್ನು ನಿಮಗಾಗಿ ಇಟ್ಟುಕೊಳ್ಳಿರಿ.

ತಳಿಯನ್ನು ಮನೆಗೆ ತಕ್ಕಂತೆ ಆರಿಸಬೇಕು. ನಮ್ಮ ನಾಡಿನ ಮುಧೋಳ ನಾಯಿಯು ಪ್ರಸಿದ್ಧವಾದುದು. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೂ ಅದರ ಚಿತ್ರವು ಬಂದಿತು. ಆದರೆ ಅದು ಬೇಟೆಗಾಗಿ ಬೆಳೆಸಿದ ತಳಿ. ಓಡಲು ಬಯಲಿಲ್ಲದ ಮನೆಗೆ ತಕ್ಕುದಲ್ಲ. ದಟ್ಟ ಕೂದಲಿನ ಶೀತದೇಶದ ನಾಯಿಗಳು ನಮ್ಮ ಬೇಸಿಗೆಯಲ್ಲಿ ಬಳಲುತ್ತವೆ. ನಮ್ಮ ಬೀದಿಯ ಮರಿಯು ಈ ಹವೆಗೆ ಒಗ್ಗಿದ್ದು, ಪ್ರೀತಿಯಿಂದ ಸಾಕಿದರೆ ಯಾವ ತಳಿಗೂ ಕಡಿಮೆಯಿಲ್ಲ.

3. ಎಚ್ಚರಿಕೆಗಳು

ಮೊದಲನೆಯದು ಹುಚ್ಚುನಾಯಿ ರೋಗದ ವಿಷಯ. 1885ರಲ್ಲಿ ಲೂಯಿ ಪಾಶ್ಚರರು ಒಂಬತ್ತು ವರುಷದ ಬಾಲಕನಿಗೆ ಇದರ ಲಸಿಕೆಯನ್ನು ಕೊಡಿಸಿ ಬದುಕಿಸಿದರು. ಆದರೂ ಇಂದಿಗೂ ನಮ್ಮ ದೇಶದಲ್ಲಿ ಜನರು ಈ ರೋಗದಿಂದ ಸಾಯುತ್ತಾರೆ. ಲಕ್ಷಣಗಳು ತೋರಿದ ಮೇಲೆ ಬದುಕುವುದು ಅತಿ ಅಪರೂಪ. ಆದುದರಿಂದ ಮರಿಗೆ ಸುಮಾರು ಮೂರು ತಿಂಗಳಾದಾಗ ಲಸಿಕೆ ಹಾಕಿಸಿ, ಬಳಿಕ ಪಶುವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಪುನಃ ಹಾಕಿಸಬೇಕು. ಯಾವ ನಾಯಿಯಾದರೂ ಕಚ್ಚಿದರೆ ಅಥವಾ ಪರಚಿದರೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನ ಪುಡಿ ಇವುಗಳನ್ನು ಹಚ್ಚಬಾರದು. ಮಕ್ಕಳು ಬೈಗುಳಕ್ಕೆ ಹೆದರಿ ಕಚ್ಚಿದುದನ್ನು ಮರೆಮಾಚುವುದುಂಟು. ಹೇಳಿದ ಮಗುವನ್ನು ಎಂದಿಗೂ ಗದರಿಸಬೇಡಿರಿ.

ಎರಡನೆಯದಾಗಿ, ನಾಯಿಗೆ ಕಾಲಕಾಲಕ್ಕೆ ಜಂತುಹುಳದ ಔಷಧವನ್ನು ಕೊಡಬೇಕು; ಅದನ್ನು ಮುಟ್ಟಿದ ಬಳಿಕ, ಉಣ್ಣುವ ಮೊದಲು, ಕೈ ತೊಳೆಯಬೇಕು. ಮೂರನೆಯದಾಗಿ, ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ನಾಲ್ಕನೆಯದಾಗಿ, ಬಿಸಿಲೇರಿದ ಮೇಲೆ ಡಾಂಬರು ರಸ್ತೆಯು ಅದರ ಅಂಗಾಲನ್ನು ಸುಡುತ್ತದೆ. ಬೆಳಗಿನ ತಂಪಿನಲ್ಲಿಯೇ ಹೊರಡಿರಿ. ನಾಯಿಯ ಕೂದಲಿನಿಂದ ಉಬ್ಬಸ ಹೆಚ್ಚುವವರು ವೈದ್ಯರನ್ನು ಕೇಳದೆ ಸಾಕಬಾರದು.

ನಾಯಿಯು ಹತ್ತು ಹನ್ನೆರಡು ವರುಷಗಳ ಹೊಣೆ. ಅದನ್ನು ಹೊರಲಾರದವರು ತರದಿರುವುದೇ ಲೇಸು. ಅವರು ನೆರೆಯವಳನ್ನು ಜೊತೆಗೆ ಕರೆದುಕೊಂಡು ನಡೆದರೂ ಅದೇ ಫಲವುಂಟು. ಹೊರಬಲ್ಲವರು ಒಂದು ಮೂಕ ಜೀವಕ್ಕೆ ಹಿತವನ್ನು ಮಾಡುತ್ತ, ತಮ್ಮ ದೇಹಕ್ಕೂ ಹಿತವನ್ನು ಸಂಪಾದಿಸಿಕೊಳ್ಳಲಿ.