ಇನಿಶಿಯಲ್ ಆಟ: ಮುಖ್ಯಮಂತ್ರಿಗಳೂ ಕ್ರಿಕೆಟಿಗರೂ



ಬಾಡ್‌ಹೂವೆಡಾರ್ಪ್‌ನ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಕನ್ನಡ ಪಾಠದ ಬಗ್ಗೆ ನಿಮಗೆಲ್ಲ ಗೊತ್ತೇ ಇದೆ. ಏಳೆಂಟು ಮಕ್ಕಳು, ಒಂದು ಬಿಳಿ ಹಲಗೆ, ಕೊನೆಯಲ್ಲಿ ಅವಲಕ್ಕಿ ಒಗ್ಗರಣೆ. ಮಧ್ಯೆ ಮಧ್ಯೆ ಸ್ಕಿಪೋಲ್‌ಗೆ ಇಳಿಯುವ ವಿಮಾನದ ಸದ್ದಿಗೆ ಪಾಠ ಅರ್ಧ ನಿಮಿಷ ನಿಲ್ಲುತ್ತದೆ! ಈ ಸಲ ಅಲ್ಲಿ ನಡೆದ ಒಂದು ಪಾಠವನ್ನು ನಿಮ್ಮ ಮನೆಯಲ್ಲೂ ಆಡಿಸಲಿ ಎಂದು ಬರೆಯುತ್ತಿದ್ದೇನೆ.

ಶುರುವಾದದ್ದು ಹೀಗೆ. ನಮ್ಮ ಹುಡುಗರಲ್ಲಿ ಒಬ್ಬನಿಗೆ ಹಾಂಕ್‌ಬಾಲ್ ಹುಚ್ಚು. ಹಾಂಕ್‌ಬಾಲ್ ಅಂದರೆ ಡಚ್ಚರ ಬಾಯಲ್ಲಿ ಬೇಸ್‌ಬಾಲ್. 2011ರಲ್ಲಿ ಕ್ಯೂಬಾವನ್ನು ಸೋಲಿಸಿ ಬೇಸ್‌ಬಾಲ್ ವಿಶ್ವಕಪ್ ಗೆದ್ದ ದೇಶ ಇದು ಎಂದು ಅವನು ನನಗೇ ಪಾಠ ಹೇಳಿದ. ಸರಿ, ನಾನೂ ಒಂದು ಕತೆ ಹೇಳಿದೆ. 1887ರಲ್ಲಿ ಅಮೆರಿಕದಲ್ಲಿ ಒಂದು ಗಂಡುಮಗು ಹುಟ್ಟಿತು. ಆಗ ಅಧ್ಯಕ್ಷರಾಗಿದ್ದವರು ಗ್ರೋವರ್ ಕ್ಲೀವ್‌ಲೆಂಡ್. ಮಗುವಿಗೂ ಅದೇ ಹೆಸರಿಟ್ಟರು: ಗ್ರೋವರ್ ಕ್ಲೀವ್‌ಲೆಂಡ್ ಅಲೆಕ್ಸಾಂಡರ್. ಆ ಹುಡುಗ ಬೆಳೆದು 373 ಪಂದ್ಯ ಗೆದ್ದುಕೊಟ್ಟ ದೊಡ್ಡ ಪಿಚರ್ ಆದ. 1952ರಲ್ಲಿ ಅವನ ಬದುಕನ್ನು ಸಿನಿಮಾ ಮಾಡಿದಾಗ ಅವನ ಪಾತ್ರ ವಹಿಸಿದ ನಟ ಯಾರು ಗೊತ್ತೇ? ರೊನಾಲ್ಡ್ ರೇಗನ್! ಅವರು 1981ರಲ್ಲಿ ತಾವೇ ಅಧ್ಯಕ್ಷರಾದರು. ಒಬ್ಬ ಅಧ್ಯಕ್ಷನ ಹೆಸರು ಹೊತ್ತ ಆಟಗಾರ, ಅವನ ವೇಷ ಹಾಕಿದ ಇನ್ನೊಬ್ಬ ಅಧ್ಯಕ್ಷ!

ಮಕ್ಕಳಿಗೆ ಬಲು ಖುಷಿ. "ನಮ್ಮಲ್ಲೂ ಹೀಗೆ ಇದೆಯಾ ಅಂಕಲ್?" ಎಂದು ಕೇಳಿದರು. ಹುಡುಕಿದೆ. ಹುಡುಕಿದಾಗ ಸಿಕ್ಕ ಜೋಡಿಗಳು ಇವು.

1. ಬಿ.ಎಸ್. ಮತ್ತು ಬಿ.ಎಸ್.
ಬಿ.ಎಸ್. ಯಡಿಯೂರಪ್ಪ, ಬಿ.ಎಸ್. ಚಂದ್ರಶೇಖರ್. ಯಡಿಯೂರಪ್ಪನವರ "ಬಿ" ಮಂಡ್ಯ ಜಿಲ್ಲೆಯ ಬೂಕನಕೆರೆ, "ಎಸ್" ತಂದೆ ಸಿದ್ದಲಿಂಗಪ್ಪ. ಹೆಸರಿನೊಳಗೆ ಇನ್ನೊಂದು ಊರು ಕೂಡ ಕೂತಿದೆ: ಸಿದ್ಧಲಿಂಗೇಶ್ವರನ ಯಡಿಯೂರು. ಚಂದ್ರಶೇಖರ್ ಅವರದು ಭಾಗವತ್ ಸುಬ್ರಹ್ಮಣ್ಯ. ಅಕ್ಷರ ಒಂದೇ, ಅರ್ಥ ಬೇರೆ. ಇಬ್ಬರದೂ ವಿಚಿತ್ರ ಲೆಕ್ಕ! ಯಡಿಯೂರಪ್ಪನವರು 2007ರ ನವೆಂಬರಿನಲ್ಲಿ ಮೊದಲ ಸಲ ಮುಖ್ಯಮಂತ್ರಿಯಾಗಿ ಇದ್ದದ್ದು ಒಂದೇ ವಾರ. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ ಪಡೆದ ವಿಕೆಟ್ 242, ಹೊಡೆದ ರನ್ ಬರೀ 167.

2. ಹಾಸನದ ಎರಡು ಊರು
ಎಚ್.ಡಿ. ದೇವೇಗೌಡರ "ಎಚ್" ಅಂದರೆ ಹರದನಹಳ್ಳಿ, ಹೊಳೆನರಸೀಪುರ ತಾಲ್ಲೂಕು. ಜಾವಗಲ್ ಶ್ರೀನಾಥ್ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ, ಆದರೆ ಹೆಸರಿನಲ್ಲಿರುವ ಜಾವಗಲ್ ಅರಸೀಕೆರೆ ತಾಲ್ಲೂಕಿನದು. ಎರಡೂ ಹಾಸನ ಜಿಲ್ಲೆ. ದೇವೇಗೌಡರು ಪ್ರಧಾನಿಯಾದದ್ದು 1996ರ ಜೂನ್ 1ರಂದು. ಅದೇ ತಿಂಗಳು 20ಕ್ಕೆ ಲಾರ್ಡ್ಸ್‌ನಲ್ಲಿ ಶುರುವಾದ ಟೆಸ್ಟ್‌ನಲ್ಲಿ ಹನ್ನೊಂದು ಜನರ ಪೈಕಿ ನಾಲ್ವರು ನಮ್ಮವರು: ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್ ಮತ್ತು ಮೊದಲ ಟೆಸ್ಟ್‌ನಲ್ಲೇ 95 ರನ್ ಮಾಡಿದ ರಾಹುಲ್ ದ್ರಾವಿಡ್. ಆ ಜೂನ್ ತಿಂಗಳಲ್ಲಿ ಕನ್ನಡಿಗರಿಗೆ ಎದೆಯುಬ್ಬಿಸಲು ಬೇರೆ ಕಾರಣ ಬೇಕಿರಲಿಲ್ಲ.

3. ಭಾರ ಹೊತ್ತು ದಾಟಿಸಿದವರು
ಬಿ.ಡಿ. ಜತ್ತಿಯವರು 1958ರಿಂದ 1962ರವರೆಗೆ ಮುಖ್ಯಮಂತ್ರಿ, ಆಮೇಲೆ ಉಪರಾಷ್ಟ್ರಪತಿ. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯಾಗಿ ಭಾರ ಹೊತ್ತರು. ಕ್ರಿಕೆಟ್‌ನಲ್ಲೂ ಇಂಥ ಒಂದು ಕೆಲಸ ಇದೆ. ಸಂಜೆ ಹೊತ್ತಿಗೆ ವಿಕೆಟ್ ಬಿದ್ದರೆ ದೊಡ್ಡ ಆಟಗಾರನನ್ನು ಕಳಿಸದೆ "ನೈಟ್ ವಾಚ್‌ಮನ್" ಒಬ್ಬನನ್ನು ಕಳಿಸುತ್ತಾರೆ. 1979ರಲ್ಲಿ ಮುಂಬೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಹಾಗೆ ಹೋದ ನಮ್ಮ ಸೈಯದ್ ಕಿರ್ಮಾನಿ, ರಾತ್ರಿ ಕಾಯುವುದಿರಲಿ, ಔಟಾಗದೆ 101 ಹೊಡೆದು ಬಂದರು!

4. ಬಿಟ್ಟುಕೊಟ್ಟವರು
ಎಸ್.ಆರ್. ಕಂಠಿಯವರು 1962ರ ಮಾರ್ಚ್ 14ರಿಂದ ಜೂನ್ 20ರವರೆಗೆ ಮುಖ್ಯಮಂತ್ರಿ. ನೂರು ದಿನ ತುಂಬುವುದಕ್ಕೆ ಸ್ವಲ್ಪವೇ ಬಾಕಿ! ಆ ವರ್ಷದ ಚುನಾವಣೆಯಲ್ಲಿ ಸೋತಿದ್ದ ನಿಜಲಿಂಗಪ್ಪನವರು ಬೇರೆ ಕ್ಷೇತ್ರದಿಂದ ಗೆದ್ದು ಬಂದಾಗ ಕಂಠಿಯವರು ಕುರ್ಚಿ ಬಿಟ್ಟುಕೊಟ್ಟರು, ಭರತನ ಹಾಗೆ. ಇವರಿಗೆ ಜೋಡಿ ಜಿ.ಆರ್. ವಿಶ್ವನಾಥ್. 1975ರ ಜನವರಿಯಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಜೊತೆಗಾರರೆಲ್ಲ ಔಟಾಗಿ 97ರಲ್ಲಿ ಉಳಿದವರು. 1980ರ ಫೆಬ್ರವರಿಯಲ್ಲಿ ನಾಯಕರಾಗಿದ್ದಾಗ, ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ವಾಪಸು ಆಡಲು ಕರೆದರು. ಆ ಟೆಸ್ಟ್ ನಾವು ಸೋತೆವು. ಜನ ಇವತ್ತಿಗೂ ನೆನೆಯುವುದು ಸೋಲನ್ನಲ್ಲ, ಆ ಕರೆದದ್ದನ್ನು.

5. ನವೆಂಬರ್ 1
1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿರುವ ಊರು ಕುಂಬಳೆ, ಯಕ್ಷಗಾನದ ಪಾರ್ತಿಸುಬ್ಬನ ಊರು. ಗಡಿಯಾಚೆ ಉಳಿದ ಆ ಊರನ್ನು ಹೆಸರಿನಲ್ಲಿ ಹೊತ್ತುಕೊಂಡೇ ಅನಿಲ್ ಕುಂಬ್ಳೆ 619 ಟೆಸ್ಟ್ ವಿಕೆಟ್ ಪಡೆದರು. ನಕ್ಷೆ ಬಿಟ್ಟದ್ದನ್ನು ಹೆಸರು ಬಿಡಲಿಲ್ಲ ನೋಡಿ.

ಇನ್ನೊಂದು ನವೆಂಬರ್ 1, 1973ರದ್ದು. ದೇವರಾಜ ಅರಸರ ಕಾಲದಲ್ಲಿ ಮೈಸೂರು ರಾಜ್ಯ "ಕರ್ನಾಟಕ" ಆಯಿತು. ಅದೇ ಋತುವಿನಲ್ಲಿ ಪ್ರಸನ್ನ ನಾಯಕತ್ವದ ತಂಡ, ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಮುಂಬೈಯನ್ನು ಸೆಮಿಫೈನಲ್‌ನಲ್ಲಿ ಬೆಂಗಳೂರಿನಲ್ಲೇ ತಡೆದು, 1974ರ ಮಾರ್ಚ್‌ನಲ್ಲಿ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಟ್ರೋಫಿ ತಂದಿತು. ಹೊಸ ಹೆಸರು ಬಂದ ಮೊದಲ ಋತುವಿನಲ್ಲೇ!

ಇಷ್ಟು ಹೇಳುವಷ್ಟರಲ್ಲಿ ಹಾಂಕ್‌ಬಾಲ್ ಹುಡುಗ ಕೈ ಎತ್ತಿದ. "ಹೆಸರು ಬದಲಾಯಿಸಿದ್ದಕ್ಕೆ ಗೆದ್ದರಾ?"

ಒಳ್ಳೆಯ ಪ್ರಶ್ನೆ. ಇಲ್ಲ ಮರಿ. ಇದಕ್ಕೆ ನಮ್ಮಲ್ಲಿ ಒಂದು ಚೆಂದದ ಪದ ಇದೆ, ಬರೆದುಕೊಳ್ಳಿ: ಕಾಕತಾಳೀಯ. ಕಾಕ ಅಂದರೆ ಕಾಗೆ, ತಾಳ ಅಂದರೆ ತಾಳೆಮರ. ಕಾಗೆ ಬಂದು ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತು. ನೋಡಿದವರು ಕಾಗೆಯೇ ಬೀಳಿಸಿತು ಅಂದುಕೊಂಡರು. ಹಣ್ಣು ಮಾಗಿತ್ತು, ಬಿತ್ತು. ರಣಜಿ ಗೆದ್ದದ್ದು ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಅಂಥವರು ಒಂದೇ ತಂಡದಲ್ಲಿ ಮಾಗಿದ್ದರಿಂದ.

ಇಂಥ ಆಟದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಲಿಂಕನ್ ಮತ್ತು ಕೆನಡಿ ನಡುವಿನ ಹೋಲಿಕೆಗಳ ಪಟ್ಟಿ ನಿಮ್ಮ ಇನ್‌ಬಾಕ್ಸಿಗೂ ಬಂದಿರಬೇಕು. ಒಬ್ಬರು ಅಧ್ಯಕ್ಷರಾಗಿ ಆಯ್ಕೆಯಾದದ್ದು 1860ರಲ್ಲಿ, ಇನ್ನೊಬ್ಬರು 1960ರಲ್ಲಿ; ಇದು ನಿಜ. ಆದರೆ ಲಿಂಕನ್‌ಗೆ ಕೆನಡಿ ಎಂಬ ಕಾರ್ಯದರ್ಶಿ ಇದ್ದ ಎನ್ನುವುದಕ್ಕೆ ಆಧಾರವಿಲ್ಲ. ಲಿಂಕನ್ ಕಾರ್ಯದರ್ಶಿಗಳು ನಿಕೊಲೇ ಮತ್ತು ಹೇ. ಆದ್ದರಿಂದ ನಮ್ಮ ಆಟದ ನಿಯಮ ಎರಡೇ. ಒಂದು, ಹೋಲಿಕೆ ನಿಜವಾಗಿರಬೇಕು. ಎರಡು, ಹೋಲಿಕೆಯನ್ನು ಕಾರಣ ಅನ್ನಬಾರದು.

ಇಲ್ಲಿಗೆ ಪಾಠ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅವಲಕ್ಕಿ ತಿನ್ನುತ್ತಾ ನನ್ನ ಮಗಳು ಕೇಳಿದಳು, "ಅಪ್ಪಾ, ತಾತನ ಹೆಸರಿನ ಹಿಂದೆ ಮೂರು ಅಕ್ಷರ ಇದ್ದವಲ್ಲ, ಅವು ಏನು?"

ನಮ್ಮ ತಂದೆಯವರು ಹೋದ ವರ್ಷ ತೀರಿಕೊಂಡರು. ಅವರು ಬರೆದ ಕಾಗದಗಳನ್ನೆಲ್ಲ ಒಂದು ಬಿಸ್ಕತ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಪ್ರತಿ ಕಾಗದದ ಕೆಳಗೂ ಆ ಮೂರಕ್ಷರದ ಸಹಿ. ಮೊದಲನೆಯದು ಬೆಳ್ಳೂರು, ನಮ್ಮ ಊರು. ಮೂರನೆಯದು ನಮ್ಮ ಅಜ್ಜನ ಹೆಸರು. ನಡುವಿನದ್ದು? ನನಗೆ ಗೊತ್ತಿರಲಿಲ್ಲ! ಚಂದ್ರಶೇಖರ್ ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳಿದವನಿಗೆ ತನ್ನ ಅಪ್ಪನ ಹೆಸರು ಬಿಡಿಸಲು ಬರಲಿಲ್ಲ. ಮಕ್ಕಳೆದುರು ನಾಚಿಕೆಯಾಯಿತು.

ನನ್ನ ಹೆಸರಿನಲ್ಲಂತೂ ಊರೇ ಇಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ "ಸರ್‌ನೇಮ್" ಕಾಲಂ ಖಾಲಿ ಬಿಡುವಂತಿಲ್ಲ ಅಂದರು, ಅಪ್ಪನ ಹೆಸರು ಬರೆದೆ, ಊರಿನ ಅಕ್ಷರ ಬಿಟ್ಟುಹೋಯಿತು. ಈಗ ಇಲ್ಲಿನ ಶಾಲೆಯಲ್ಲಿ ನನ್ನ ಮಕ್ಕಳು ತಾತನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತಿದ್ದಾರೆ. ಅದು ಕೆಟ್ಟದ್ದೇನಲ್ಲ. ಆದರೆ ಬೆಳ್ಳೂರು ನನ್ನಲ್ಲೇ ನಿಂತುಹೋಯಿತು.

ಆ ಮಧ್ಯಾಹ್ನವೇ ಊರಿನಲ್ಲಿರುವ ಅತ್ತೆಗೆ ಫೋನ್ ಮಾಡಿದೆ. ಎಂಬತ್ತು ದಾಟಿದವರು, ಥಟ್ಟನೆ ಹೇಳಿದರು: "ಅಷ್ಟೂ ಗೊತ್ತಿಲ್ವೇನೋ? ಅದು ನಿಮ್ಮಪ್ಪನ ತಾತನ ಹೆಸರು ಕಣೋ. ಊರ ಮುಂದಿನ ಬಾವಿ ತೋಡಿಸಿದವರು." ಸ್ಪೀಕರ್ ಹಾಕಿದ್ದೆ. ಮಗಳು ಆ ಹೆಸರನ್ನು ಅತ್ತೆಯ ಬಾಯಿಂದ ಎರಡು ಸಲ ಹೇಳಿಸಿಕೊಂಡು, ಕನ್ನಡದಲ್ಲೇ, ಒತ್ತಕ್ಷರ ತಪ್ಪದೆ ಬರೆದುಕೊಂಡಳು. ಅತ್ತೆಗೂ ಖುಷಿ. "ಇನ್ನೂ ಏನಾದ್ರೂ ಕೇಳೇ ಮಗಾ, ನಾನಿರುವಾಗಲೇ ಕೇಳ್ಕೊ" ಅಂದರು.

ಅತ್ತೆ ಹೇಳಿದ್ದು ಸರಿ. ಇಂಥ ಉತ್ತರಗಳು ಯಾವ ಪುಸ್ತಕದಲ್ಲೂ ಇಲ್ಲ, ಒಬ್ಬಿಬ್ಬರ ನೆನಪಿನಲ್ಲಿ ಮಾತ್ರ ಇವೆ.

ನಾವಿರುವ ಊರಿನ ಹೆಸರನ್ನೇ ನೋಡಿ. 1852ರಲ್ಲಿ ನೀರು ಬತ್ತಿಸಿ ಹೊರತೆಗೆದ ಹಾರ್ಲೆಮರ್‌ಮೇರ್ ಸರೋವರದ ತಳದಲ್ಲಿ ನಾವು ಕೂತಿದ್ದೇವೆ. ಅಲ್ಲಿ ಎದ್ದ "ಬಾಡ್‌ಹೂವೆ" ಎಂಬ ತೋಟದಮನೆಯಿಂದ ಊರಿಗೆ ಹೆಸರು ಬಂತು. ಹೂವೆ ಅಂದರೆ ಹೊಲಮನೆ, ಡಾರ್ಪ್ ಅಂದರೆ ಹಳ್ಳಿ. ಹರದನಹಳ್ಳಿಯ ಹಾಗೆ ಇದೂ ಒಂದು ಹಳ್ಳಿಯೇ! ಮುಂದೆ ನಮ್ಮ ಮೊಮ್ಮಕ್ಕಳು ಹೆಸರಿನ ಹಿಂದೆ "ಬಿ" ಹಾಕಿಕೊಂಡರೆ ಅದು ಬೆಳ್ಳೂರೂ ಆಗಬಹುದು, ಬಾಡ್‌ಹೂವೆಡಾರ್ಪೂ ಆಗಬಹುದು. ಎರಡೂ ಗೊತ್ತಿದ್ದರೆ ಸಾಕು.

ಮನೆಗೆಲಸ (ಅಪ್ಪ ಅಮ್ಮಂದಿರಿಗೂ ಸೇರಿ):

ಅ) ನಿಮ್ಮ ತಾತ, ಅಜ್ಜಿ, ಅಪ್ಪ, ಅಮ್ಮನ ಹೆಸರಿನ ಪ್ರತಿ ಅಕ್ಷರವನ್ನೂ ಬಿಡಿಸಿ ಕನ್ನಡದಲ್ಲಿ ಬರೆಯಿರಿ. ಗೊತ್ತಿಲ್ಲದಿದ್ದರೆ ಈ ಭಾನುವಾರವೇ ಊರಿಗೆ ಫೋನ್ ಮಾಡಿ.

ಆ) ಅದರಲ್ಲಿ ಊರಿನ ಹೆಸರಿದ್ದರೆ ಜಿಲ್ಲೆ, ತಾಲ್ಲೂಕು ಹುಡುಕಿ ನಕ್ಷೆಯಲ್ಲಿ ಗುರುತು ಹಾಕಿ.

ಇ) ಎಸ್.ಎಂ. ಕೃಷ್ಣ, ಎಂ. ವೀರಪ್ಪ ಮೊಯಿಲಿ, ಕಡಿದಾಳ್ ಮಂಜಪ್ಪ: ಈ ಮೂವರು ಮುಖ್ಯಮಂತ್ರಿಗಳ ಹೆಸರಿನಲ್ಲಿ ಅಡಗಿರುವ ಊರು ಯಾವುವು? (ಸುಳಿವು: ಮದ್ದೂರು, ಮೂಡುಬಿದಿರೆ, ತೀರ್ಥಹಳ್ಳಿ ಕಡೆ ಹುಡುಕಿ.)

ಈ) ನಿಮ್ಮದೇ ಒಂದು ಜೋಡಿ ಕಟ್ಟಿ ತನ್ನಿ. ನಿಯಮ ಎರಡೂ ನೆನಪಿರಲಿ.

ಉತ್ತರಗಳನ್ನು ಮುಂದಿನ ಪಾಠದಲ್ಲಿ ಓದೋಣ. ಅವಲಕ್ಕಿ ಇದ್ದೇ ಇರುತ್ತದೆ.

ಸಿರಿಗನ್ನಡಂ ಗೆಲ್ಗೆ!